ಕಾರು ಬಿಟ್ಟು ಬಸ್ ಹತ್ತುವವರ ಪಾರ್ಕಿಂಗ್ ಜಾಗ: ಒಳಗೆಲ್ಲ ಅಚ್ಚುಕಟ್ಟು, ಗೇಟಿನಲ್ಲಿ ಎಡವಟ್ಟು

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿರುವ ಖಾಸಗಿ ಪಾರ್ಕಿಂಗ್ ಜಾಗವನ್ನು ನಾನು ಎಂಟು ತಿಂಗಳಿಂದ ಬಳಸುತ್ತಿದ್ದೇನೆ. ವಾರದಲ್ಲಿ ಐದು ದಿನ ಬೆಳಗ್ಗೆ ಕಾರನ್ನು ಅಲ್ಲಿ ಬಿಟ್ಟು ಚಿತ್ರದುರ್ಗದ ಬಸ್ ಹತ್ತುವುದು, ಸಂಜೆ ಬಂದು ಕಾರು ತೆಗೆದುಕೊಂಡು ಮನೆಗೆ ಹೋಗುವುದು ನನ್ನ ದಿನಚರಿ. ಇಷ್ಟು ದಿನ ಬಳಸಿದ ಮೇಲೆ ಅದರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬರೆಯಬಹುದೆನಿಸಿತು. ಜಾಗದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನ್ನ ತಕರಾರು ಆ ಒಂದು ಜಾಗಕ್ಕೆ ಮಾತ್ರ ಸೇರಿದ್ದಲ್ಲ, ಬಸ್ ತಂಗುದಾಣದ ಮಗ್ಗುಲಲ್ಲಿ ಗೇಟು ಇಟ್ಟುಕೊಂಡ ಎಲ್ಲ ಪಾರ್ಕಿಂಗ್ ಜಾಗಗಳಿಗೂ ಸೇರುತ್ತದೆ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಈ ಜಾಗಕ್ಕೆ ಬರುವ ಮುಂಚೆ ನಾನು ಕಾರನ್ನು ನಗರ ಸಾರಿಗೆ ಬಸ್ಸುಗಳ ತಂಗುದಾಣವೊಂದರ ಪಕ್ಕದಲ್ಲಿ, ಬೇವಿನ ಮರದ ನೆರಳಿನಲ್ಲಿ ಬಿಟ್ಟು ಹೋಗುತ್ತಿದ್ದೆ. ತಂಗುದಾಣದ ಚಾವಣಿಯಿಂದ ಹತ್ತು ಹೆಜ್ಜೆ ಆಚೆ ಇದೆ, ಅಲ್ಲಿಗೆ ಬಸ್ಸಿನ ಬಾಗಿಲು ಬರುವುದಿಲ್ಲ, ಹಾಗಾಗಿ ಯಾರಿಗೂ ತೊಂದರೆಯಿಲ್ಲ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಒಂದು ಸಂಜೆ ಬಂದು ನೋಡಿದರೆ ಚಕ್ರಕ್ಕೆ ಬೀಗ ಬಿದ್ದಿತ್ತು. ದಂಡ ಕಟ್ಟಿ ಬೀಗ ತೆಗೆಸಿಕೊಳ್ಳುವಾಗ, 'ಬೋರ್ಡು ಎಲ್ಲೂ ಇಲ್ಲವಲ್ಲ' ಎಂದು ನಾನು ವಾದಿಸಿದ್ದೂ ಹೌದು. ಆ ವಾದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂಬುದು ಮನೆಗೆ ಹೋಗಿ ನಿಯಮಗಳನ್ನು ಓದಿದಾಗ ತಿಳಿಯಿತು.

1989ರ ರಸ್ತೆ ನಿಯಮಗಳಲ್ಲಿಯೇ ಯಾವ ಯಾವ ಕಡೆ ವಾಹನ ನಿಲ್ಲಿಸಬಾರದೆಂಬ ಪಟ್ಟಿಯಿತ್ತು. ಅಡ್ಡರಸ್ತೆ ಕೂಡುವಲ್ಲಿ, ತಿರುವಿನಲ್ಲಿ, ಪಾದಚಾರಿ ಮಾರ್ಗದ ಮೇಲೆ, ಈಗಾಗಲೇ ನಿಂತಿರುವ ಇನ್ನೊಂದು ವಾಹನದ ಮಗ್ಗುಲಲ್ಲಿ, ಹಾಗೆಯೇ ಬಸ್ ನಿಲುಗಡೆ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲ ಹತ್ತಿರ ನಿಲ್ಲಿಸಕೂಡದು. 2017ರಲ್ಲಿ ಆ ನಿಯಮಗಳ ಜಾಗಕ್ಕೆ ಮೋಟಾರು ವಾಹನ ಚಾಲನೆಯ ಹೊಸ ನಿಯಮಾವಳಿ ಬಂದಾಗಲೂ ಬಸ್ ನಿಲುಗಡೆಯ ಮೇಲಿನ ನಿರ್ಬಂಧ ಹಾಗೆಯೇ ಉಳಿಯಿತು. 'ವಾಹನ ನಿಲುಗಡೆ ನಿಷೇಧ' ಎಂಬ ಫಲಕ ಇರುವ ಕಡೆ ನಿಲ್ಲಿಸಬಾರದೆಂಬುದು ಇದೇ ಪಟ್ಟಿಯಲ್ಲಿ ಬೇರೆಯೇ ಒಂದು ಬಾಬ್ತು. ಬಸ್ ನಿಲುಗಡೆಯ ಬಳಿ ಫಲಕವಿರಲಿ, ಇಲ್ಲದಿರಲಿ, ನಿಲ್ಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 177ಎ ಪ್ರಕಾರ ಈ ನಿಯಮಾವಳಿ ಮುರಿದವರಿಗೆ 500 ರೂಪಾಯಿಗೆ ಕಡಿಮೆಯಿಲ್ಲದ, 1,000 ರೂಪಾಯಿಯವರೆಗಿನ ದಂಡವಿದೆ. ಸೆಕ್ಷನ್ 127 ಇನ್ನೂ ಮುಂದಕ್ಕೆ ಹೋಗುತ್ತದೆ: ನಿಷೇಧವಿರುವ ಕಡೆ ನಿಲ್ಲಿಸಿದ ವಾಹನವನ್ನು ಎಳೆದೊಯ್ಯಿಸುವ ಅಥವಾ ಚಕ್ರಕ್ಕೆ ಬೀಗ ಹಾಕಿಸುವ ಅಧಿಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಇದೆ, ಎಳೆದೊಯ್ದ ಖರ್ಚೂ ದಂಡದ ಜೊತೆಗೆ ಮಾಲೀಕನ ತಲೆಯ ಮೇಲೆಯೇ ಬೀಳುತ್ತದೆ. ಒಂದು ವರ್ಷದಲ್ಲಿ ಎರಡು ಸಲ ಸಿಕ್ಕಿಬಿದ್ದರೂ ಸಾಕು, ಪಾರ್ಕಿಂಗ್ ಪಾಸಿನ ಎರಡು ಮೂರು ತಿಂಗಳ ಹಣ ಅಲ್ಲಿಗೇ ಹೋಗುತ್ತದೆ.

1989ರ ನಿಯಮದಲ್ಲಿ ಇದ್ದದ್ದು 'ಹತ್ತಿರ' ಎಂಬ ಪದ ಮಾತ್ರ, ಮೀಟರಿನ ಲೆಕ್ಕ ಇರಲಿಲ್ಲ. ಓದಿದಾಗ ಇದು ನುಣುಚಿಕೊಳ್ಳಲು ಬಿಟ್ಟ ಕಿಂಡಿಯಂತೆ ಕಂಡಿತ್ತು. ಆಮೇಲೆ ಕಾರಿಲ್ಲದೆ ಅದೇ ತಂಗುದಾಣದಲ್ಲಿ ನಿಂತು ಬಸ್ಸುಗಳು ಬರುವುದನ್ನು ನೋಡಿದ ಮೇಲೆ 'ಹತ್ತಿರ' ಎಂದರೆ ಎಷ್ಟು ಎಂಬುದು ಅರ್ಥವಾಯಿತು. ಸಾಮಾನ್ಯ ದೊಡ್ಡ ಬಸ್ಸು ಸುಮಾರು 12 ಮೀಟರ್ ಉದ್ದವಿರುತ್ತದೆ, ಸಣ್ಣ ಕಾರು 4 ಮೀಟರಿನ ಒಳಗೆ. ಬಸ್ಸು ಕಾರಿನ ಹಾಗೆ ಹಿಂದಕ್ಕೆ ಮುಂದಕ್ಕೆ ಮಾಡಿ ಸಂದಿಗೆ ನುಗ್ಗುವುದಿಲ್ಲ. ಅದು ಓರೆಯಾಗಿ ಎಡಕ್ಕೆ ಬಂದು, ಮೂತಿಯನ್ನು ಮತ್ತೆ ನೇರ ಮಾಡಿಕೊಂಡು, ಹಿಂಭಾಗವನ್ನೂ ರಸ್ತೆಯಂಚಿಗೆ ಎಳೆದುಕೊಳ್ಳಬೇಕು. ಅದಕ್ಕೆ ತಂಗುದಾಣದ ಹಿಂದೆಯೂ ಮುಂದೆಯೂ ಖಾಲಿ ಜಾಗ ಬೇಕು. ನಾನು ಬಿಡುತ್ತಿದ್ದ ಮರದ ನೆರಳು ಬಸ್ಸು ಒಳಕ್ಕೆ ತಿರುಗುವ ಸರಿಯಾದ ಜಾಗವೇ ಆಗಿತ್ತು. ಅಲ್ಲೊಂದು ಕಾರು ನಿಂತಿದ್ದರೆ ಎರಡು ಬಾಗಿಲಿನ ಬಸ್ಸಿನ ಮುಂಬಾಗಿಲು ಹೇಗೋ ಅಂಚಿಗೆ ಬಂದರೂ ಹಿಂಬಾಗಿಲು ನಡುರಸ್ತೆಯಲ್ಲಿಯೇ ಉಳಿಯುತ್ತದೆ, ಹೆಚ್ಚಿನ ಚಾಲಕರು ಆ ಕಷ್ಟವೇ ಬೇಡವೆಂದು ಇಡೀ ಬಸ್ಸನ್ನು ರಸ್ತೆಯ ನಡುವೆಯೇ ನಿಲ್ಲಿಸಿಬಿಡುತ್ತಾರೆ.

ಆಗ ಏನಾಗುತ್ತದೆಂಬುದನ್ನು ಒಂದು ಬೆಳಗ್ಗೆ ಕಣ್ಣಾರೆ ಕಂಡೆ. ಕೈಯಲ್ಲಿ ತರಕಾರಿ ಚೀಲ ಹಿಡಿದ ವಯಸ್ಸಾದ ಹೆಂಗಸೊಬ್ಬರು ಎರಡು ಕಾರುಗಳ ನಡುವಿನ ಸಂದಿಯಲ್ಲಿ ಅಡ್ಡಡ್ಡವಾಗಿ ಸರಿದು, ಸೀರೆಯ ಸೆರಗು ಒಂದರ ನಂಬರ್ ಪ್ಲೇಟಿಗೆ ಸಿಕ್ಕಿಕೊಂಡಾಗ ಬಿಡಿಸಿಕೊಂಡು, ರಸ್ತೆಗೆ ಇಳಿದರು. ಅಷ್ಟರಲ್ಲಿ ಕಾರು ಮತ್ತು ಬಸ್ಸಿನ ನಡುವೆ ನುಗ್ಗಿದ ಬೈಕೊಂದು ಅವರ ಚೀಲಕ್ಕೆ ತಾಗಿಕೊಂಡೇ ಹೋಯಿತು. ಬಾಗಿಲಿಗೆ ತಲುಪಿದ ಮೇಲೂ ಮೊದಲ ಮೆಟ್ಟಿಲಿಗೆ ಕಾಲು ಎಟುಕಲಿಲ್ಲ. ಪಾದಚಾರಿ ಮಾರ್ಗದ ಅಂಚಿನ ಕಲ್ಲು 15 ಸೆಂಟಿಮೀಟರಿನವರೆಗೆ ಎತ್ತರವಿರುತ್ತದೆ. ಅದರ ಮೇಲೆ ನಿಂತು ಹತ್ತುವವರಿಗೂ ರಸ್ತೆಯಿಂದ ಹತ್ತುವವರಿಗೂ ಇರುವ ವ್ಯತ್ಯಾಸ ಮಂಡಿ ನೋವಿದ್ದವರಿಗೆ ಮಾತ್ರ ಗೊತ್ತು. 'ಕೈ ಕೊಡಬೇ ಯಮ್ಮಾ' ಎಂದು ಕಂಡಕ್ಟರ್ ಎಳೆದುಕೊಂಡರು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಿನಿಂದ ಸರ್ಕಾರಿ ಬಸ್ಸು ಹತ್ತುವವರಲ್ಲಿ ಹೆಂಗಸರು ಎಷ್ಟು ಎಂಬುದನ್ನು ಯಾವ ತಂಗುದಾಣದಲ್ಲಿ ನಿಂತರೂ ಕಾಣಬಹುದು, ಕಾರುಗಳ ಸಂದಿಯಲ್ಲಿ ತೂರುವ ಕಷ್ಟವೂ ಹೆಚ್ಚಾಗಿ ಅವರದೇ. ಅಂದಿನಿಂದ ಮರದ ನೆರಳಿನ ಆಸೆ ಬಿಟ್ಟೆ.

ಇನ್ನು ಹಣ ಕೊಟ್ಟು ಬಿಡುವ ಜಾಗದ ಮಾತು. ಹಳೆಯ ಗೋದಾಮೊಂದನ್ನು ಕೆಡವಿ ಸಮ ಮಾಡಿದ ಅಂಗಳವದು. ಅರ್ಧಕ್ಕೆ ತಗಡಿನ ಚಾವಣಿಯಿದೆ, ಉಳಿದರ್ಧ ಬಯಲು. ಒಂದು ಹಗಲಿಗೆ ಕೊಡುವ ಹಣ ಎರಡು ಬೆಣ್ಣೆದೋಸೆಯ ಖರ್ಚಿಗಿಂತ ಹೆಚ್ಚಲ್ಲ, ತಿಂಗಳ ಪಾಸು ತೆಗೆದುಕೊಂಡರೆ ಅದಕ್ಕೂ ಅಗ್ಗ. ದರದ ಫಲಕ ಗೇಟಿನ ಬಳಿಯೇ ಕನ್ನಡದಲ್ಲಿ ದೊಡ್ಡದಾಗಿದೆ, ಹೊತ್ತು ಮೀರಿದರೆ ಎಷ್ಟು ಎಂಬುದೂ ಅದರಲ್ಲಿದೆ, ಎಂಟು ತಿಂಗಳಲ್ಲಿ ಒಮ್ಮೆಯೂ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿಲ್ಲ. ಚಿತ್ರದುರ್ಗದ ಬಸ್ಸು ಕೆಟ್ಟು ನಿಂತು ರಾತ್ರಿ ಹನ್ನೊಂದಕ್ಕೆ ಬಂದ ದಿನವೂ ಕಾವಲುಗಾರ ಎದ್ದಿದ್ದ. ನೆಲಕ್ಕೆ ಕಾಂಕ್ರೀಟ್ ಹಾಕಿರುವುದರಿಂದ ಮಳೆಗಾಲದಲ್ಲಿ ಕೆಸರಿಲ್ಲ. ನೀರು ಹೋಗುವ ಚರಂಡಿಯ ಮೇಲಿನ ಕಲ್ಲುಚಪ್ಪಡಿಯೊಂದು ಅಲ್ಲಾಡುತ್ತದೆ, ಅದನ್ನು ಬಿಟ್ಟರೆ ಒಳಗಿನ ವ್ಯವಸ್ಥೆಯಲ್ಲಿ ಕೊರತೆ ಹುಡುಕುವುದು ಕಷ್ಟ.

ಒಂದೇ ಒಂದು ಪದ್ಧತಿಗೆ ನನ್ನ ಆಕ್ಷೇಪವಿತ್ತು. ಮೊದಲ ದಿನ ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಚೀಟಿ ಬರೆಯುವ ಹುಡುಗ ಓಡಿ ಬಂದು, 'ಸಾರ್, ಹ್ಯಾಂಡ್‌ಬ್ರೇಕ್ ಹಾಕಬ್ಯಾಡ್ರಿ, ನ್ಯೂಟ್ರಲ್‌ನಾಗ ಬಿಡ್ರಿ' ಎಂದ. ಹೊತ್ತೇರಿದಂತೆ ಒಂದರ ಹಿಂದೊಂದು ಕಾರು ನಿಲ್ಲಿಸುತ್ತಾರೆ, ಹಿಂದಿನದನ್ನು ತೆಗೆಯಬೇಕಾದರೆ ಮುಂದಿನದನ್ನು ಕೈಯಿಂದ ತಳ್ಳುತ್ತಾರೆ. ನೆಲ ಸಮತಟ್ಟಾಗಿದ್ದು ಚಕ್ರಕ್ಕೆ ಕಲ್ಲು ಕೊಡುವುದರಿಂದ ಇದುವರೆಗೆ ಏನೂ ಆಗಿಲ್ಲವೆನ್ನಿ, ಆದರೂ ಬ್ರೇಕ್ ಇಲ್ಲದ ಕಾರನ್ನು ಹನ್ನೆರಡು ತಾಸು ಬಿಟ್ಟು ಹೋಗಲು ನನಗೆ ಧೈರ್ಯ ಸಾಲಲಿಲ್ಲ. ಈಗ ಪಾಸಿನವರಿಗೆ ಗೋಡೆಯ ಬದಿಯ ಸಾಲನ್ನು ಬಿಟ್ಟುಕೊಟ್ಟಿದ್ದಾರೆ, ಅಲ್ಲಿ ಬ್ರೇಕ್ ಹಾಕಿಯೇ ಬಿಡಬಹುದು. ಕೀಲಿ ಮಾತ್ರ ಕೊಡಬೇಕಾಗಿಲ್ಲ, ಕೊಡಲೂಬೇಡಿ. ಚೀಟಿಯ ಹಿಂಬದಿಯಲ್ಲಿ 'ವಾಹನಕ್ಕೆ ಮಾಲೀಕರೇ ಜವಾಬ್ದಾರರು' ಎಂದು ಮುದ್ರಿಸಿದ್ದಾರೆ. ದೆಹಲಿಯ ಹೋಟೆಲೊಂದರಲ್ಲಿ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟಿದ್ದ ಕಾರು ಕಳುವಾದ ಪ್ರಕರಣದಲ್ಲಿ, ಇಂಥ ಒಕ್ಕಣೆ ತೋರಿಸಿ ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲವೆಂದು 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದು ಕೀಲಿ ಒಪ್ಪಿಸಿದ ಕಾರಿನ ವಿಚಾರ, ನಮ್ಮ ಚೀಟಿಯ ವಿಚಾರ ಪೂರ್ತಿ ಹಾಗೆಯೇ ಅಲ್ಲ. ವಿಮೆಯನ್ನು ಚಾಲ್ತಿಯಲ್ಲಿಟ್ಟುಕೊಳ್ಳುವುದು ಕ್ಷೇಮ.

ಈಗ ಗೇಟಿನ ವಿಷಯ. ಇಷ್ಟೆಲ್ಲ ಅಚ್ಚುಕಟ್ಟಾಗಿರುವ ಜಾಗದ ಗೇಟು ಒಂದು ಬಸ್ ತಂಗುದಾಣವನ್ನು ದಾಟಿದ ಕೂಡಲೇ ಎಡಕ್ಕಿದೆ. ನಾನು ಬರುವ ಹೊತ್ತಿಗೆ ರಸ್ತೆ ಖಾಲಿಯಿರುವುದರಿಂದ ಮೊದಲ ಎರಡು ತಿಂಗಳು ಇದು ನನ್ನ ಗಮನಕ್ಕೇ ಬರಲಿಲ್ಲ. ಒಂದು ದಿನ ರಜೆ ಹಾಕಿ ಒಂಬತ್ತೂವರೆಗೆ ಬಂದಾಗ ಗೇಟಿನ ಮುಂದೆ ಐದು ಕಾರು ಸಾಲುಗಟ್ಟಿದ್ದವು. ಹುಡುಗ ಒಬ್ಬನೇ; ಕಾರಿನ ನಂಬರನ್ನು ಇಂಗಾಲದ ಹಾಳೆಯಿಟ್ಟ ಪುಸ್ತಕದಲ್ಲಿ ಬರೆದು, ಗಡಿಯಾರ ನೋಡಿ ಸಮಯ ಹಾಕಿ, ಚೀಟಿ ಹರಿದುಕೊಟ್ಟು, ಚಿಲ್ಲರೆ ಹುಡುಕುವಷ್ಟರಲ್ಲಿ ಒಂದು ಕಾರಿಗೆ ಒಂದೂವರೆ ನಿಮಿಷ ಹಿಡಿಯುತ್ತದೆ. ಕಾರಿಗೆ ನಾಲ್ಕು ಮೀಟರ್, ನಡುವಿನ ಸಂದಿಗೆ ಒಂದೊಂದು ಮೀಟರ್ ಎಂದರೂ ಐದು ಕಾರಿನ ಸಾಲು 24 ಮೀಟರ್ ಆಗುತ್ತದೆ; ಎರಡು ಬಸ್ಸಿನ ಉದ್ದ, ಅದೂ ಸರಿಯಾಗಿ ಬಸ್ ಬಂದು ನಿಲ್ಲಬೇಕಾದ ಜಾಗದಲ್ಲಿ. ಬಂದ ನಗರ ಸಾರಿಗೆ ಬಸ್ಸು ಹಾರ್ನ್ ಹೊಡೆಯಿತು, ಕಂಡಕ್ಟರ್ ಸೀಟಿ ಊದಿದರು, ಕೊನೆಗೆ ಜನರೆಲ್ಲ ರಸ್ತೆಗೇ ಇಳಿದು ಹತ್ತಿದರು. ಮರದ ನೆರಳಿನಲ್ಲಿ ನಾನು ಒಬ್ಬನೇ ಮಾಡುತ್ತಿದ್ದ ತಪ್ಪನ್ನು ಇಲ್ಲಿ ಐದು ಜನ ಸೇರಿ, ಹಣವನ್ನೂ ಕೊಟ್ಟು ಮಾಡುತ್ತಿದ್ದೆವು.

ಸಾಲಿನಲ್ಲಿದ್ದ ಒಬ್ಬರು, 'ನಾವೇನು ಪಾರ್ಕ್ ಮಾಡಿಲ್ಲವಲ್ಲ, ಎಂಜಿನ್ ಆನ್ ಇದೆ, ಸೀಟಿನಾಗೇ ಕುಂತೀವಿ' ಎಂದರು. ಮಾತು ತಕ್ಕಮಟ್ಟಿಗೆ ಸರಿಯೇ. ನೀಲಿ ವೃತ್ತಕ್ಕೆ ಕೆಂಪು ಅಂಚು, ಒಂದು ಕೆಂಪು ಓರೆಗೆರೆ ಇರುವ ಫಲಕ ವಾಹನ ಬಿಟ್ಟುಹೋಗುವುದನ್ನು ನಿಷೇಧಿಸುತ್ತದೆ; ಎರಡು ಗೆರೆಗಳು ಗುಣಾಕಾರದ ಚಿಹ್ನೆಯಂತೆ ಅಡ್ಡಹಾಯ್ದಿದ್ದರೆ ಮಾತ್ರ ಕ್ಷಣಕಾಲವೂ ನಿಲ್ಲುವಂತಿಲ್ಲ. ಈ ತಂಗುದಾಣದ ಬಳಿ ಇರುವುದು ಒಂದು ಗೆರೆಯದು. ಆದರೆ ಕಾಯ್ದೆಯ ಸೆಕ್ಷನ್ 122 ಪಾರ್ಕಿಂಗ್ ಎಂಬ ಮಾತನ್ನೇ ಎತ್ತುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯ, ಅಡಚಣೆ ಅಥವಾ ವಿಪರೀತ ತೊಂದರೆಯಾಗುವ ರೀತಿಯಲ್ಲಿ ವಾಹನ ನಿಂತಿರಲು ಬಿಡಬಾರದು ಎಂದಷ್ಟೇ ಅದು ಹೇಳುತ್ತದೆ, ಸೀಟಿನಲ್ಲಿ ಜನ ಕೂತಿದ್ದಾರೆಯೇ ಎಂದು ಕೇಳುವುದಿಲ್ಲ. ಅಂದರೆ ಗೇಟಿನ ಸಾಲಿನಲ್ಲಿ ಪೊಲೀಸರು ಬಂದು ಚೀಟಿ ಹರಿದರೆ ಕಟ್ಟಬೇಕಾದವರು ಗ್ರಾಹಕರಾದ ನಾವು, ಗೇಟನ್ನು ಅಲ್ಲಿಟ್ಟ ಯಜಮಾನರಲ್ಲ. ಈ ಸೇವೆಗೆ ಐದಕ್ಕೆ ನಾಲ್ಕೂವರೆ ಕೊಡಬೇಕೆಂದಿದ್ದವನು ಮೂರಕ್ಕೆ ಇಳಿಸಿದ್ದು ಈ ಕಾರಣಕ್ಕೆ.

ಪರಿಹಾರ ದೂರದಲ್ಲೇನೂ ಇಲ್ಲ. ಅಂಗಳದ ಹಿಂಗೋಡೆಯಲ್ಲಿ ಗೋದಾಮಿನ ಕಾಲದ, ಲಾರಿ ಹೋಗುವಷ್ಟು ಅಗಲದ ಇನ್ನೊಂದು ಗೇಟಿದೆ, ಅದು ತೆರೆದುಕೊಳ್ಳುವುದು ಬಸ್ಸು ಓಡಾಡದ ಓಣಿಗೆ. ಒಳಬರುವ ಕಾರುಗಳನ್ನು ಆ ಕಡೆಯಿಂದ ಬಿಟ್ಟು, ಮುಂದಿನ ಗೇಟನ್ನು ಹೊರಹೋಗಲು ಮಾತ್ರ ಇಟ್ಟುಕೊಂಡರೆ ರಸ್ತೆಯಲ್ಲಿ ಸಾಲೇ ಇರುವುದಿಲ್ಲ. ಅದಾಗದಿದ್ದರೆ ಚೀಟಿ ಬರೆಯುವ ಮೇಜನ್ನಾದರೂ ಗೇಟಿನಿಂದ ಮೂವತ್ತು ಹೆಜ್ಜೆ ಒಳಕ್ಕೆ ಸರಿಸಬಹುದು. ಆಗ ಐದು ಕಾರಿನ ಸಾಲು ಅವರ ಅಂಗಳದೊಳಗೇ ನಿಲ್ಲುತ್ತದೆ. ಇದನ್ನು ಯಜಮಾನರಿಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ, ಕೂರಿಸಿ ಚಹಾ ತರಿಸಿದರು. 'ಹಿಂದಿನ ಗೇಟ್ ತೆಗದ್ರ ಇಬ್ಬರು ಹುಡುಗರು ಬೇಕಾಗ್ತಾರ ಸಾರ್, ಆ ಪಗಾರ ಯಾರು ಕೊಡಾದು?' ಎಂಬುದು ಅವರ ಪ್ರಶ್ನೆ. ಮೇಜು ಸರಿಸಲು ಇನ್ನೊಬ್ಬ ಹುಡುಗ ಬೇಕಾಗಿಲ್ಲವಲ್ಲ ಎಂದೆ. 'ಮೇಜು ಒಳಗಿದ್ರ ಚೀಟಿ ತಗೊಳ್ದ ಹಂಗ ಹೋಗಿಬಿಡ್ತಾರ' ಎಂದರು. ಅದರಲ್ಲೂ ನಿಜವಿರಬಹುದು, ನಮ್ಮ ಜನರ ವಿಷಯದಲ್ಲಿ ಅವರ ಅನುಭವ ನನಗಿಂತ ದೊಡ್ಡದು.

ಬೆಳಗ್ಗೆ ಎಂಟರೊಳಗೆ ಕಾರು ಬಿಟ್ಟು ಸಂಜೆ ತೆಗೆಯುವ ಉದ್ಯೋಗಿಗಳಿಗೆ ಈ ಜಾಗ ತಕ್ಕುದು, ಪಾಸು ಮಾಡಿಸಿಕೊಂಡರೆ ಚೀಟಿಯ ರಗಳೆಯೂ ಇಲ್ಲದೆ ನೇರ ಒಳಗೆ ಹೋಗಬಹುದು. ಒಂಬತ್ತರಿಂದ ಹತ್ತೂವರೆಯ ನಡುವೆ ಬರುವವರು ಗೇಟಿನ ಮುಂದೆ ಎರಡಕ್ಕಿಂತ ಹೆಚ್ಚು ಕಾರು ಕಂಡರೆ ಅಲ್ಲಿ ನಿಲ್ಲದೆ ಒಂದು ಸುತ್ತು ಹಾಕಿ ಬರುವುದು ಲೇಸು, ಐದು ನಿಮಿಷವೂ ಹಿಡಿಯುವುದಿಲ್ಲ. ಯಾರನ್ನಾದರೂ ಬಸ್ಸಿಗೆ ಹತ್ತಿಸಿ ಹೋಗುವವರಿಗೆ ಈ ಜಾಗ ಬೇಕಾಗಿಯೇ ಇಲ್ಲ. ತಂಗುದಾಣವನ್ನು ದಾಟಿ ಒಂದಿಷ್ಟು ಮುಂದೆ ಇಳಿಸಿ, ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸಿದರೆ ಸಾಕು.

ಈ ತಿಂಗಳ ಪಾಸನ್ನು ಮೊನ್ನೆ ಸೋಮವಾರ ನವೀಕರಿಸಿದೆ. ಚೀಟಿಯ ಮೇಜು ಹತ್ತು ಹೆಜ್ಜೆ ಒಳಕ್ಕೆ ಬಂದಿದೆ, ಎರಡು ಕಾರು ಅಂಗಳದೊಳಗೆ ಹಿಡಿಯುತ್ತವೆ, ಮೂರನೆಯದು ಇನ್ನೂ ತಂಗುದಾಣದ ಮುಂದೆಯೇ ನಿಲ್ಲುತ್ತಿದೆ. ಹಿಂದಿನ ಗೇಟಿನ ಬೀಗಕ್ಕೆ ಯಾರೋ ಎಣ್ಣೆ ಬಿಟ್ಟಿದ್ದಾರೆ, ತೆರೆದಿಲ್ಲ.