ಮೀನು ಒಳಗಿದ್ದಂಗೇ ಸೈಕ್ಲಿಂಗ್: ಬಕೆಟ್ಟು, ಪ್ರೈಮ್, ಜಿಯೋಲೈಟ್, ಹಳೇ ಸ್ಪಾಂಜು ಎಲ್ಲಾ ನೋಡಿದ್ದಾಯ್ತು

ಅಂಗಡಿಯವ್ನು "ನೀರು ತುಂಬ್ಸಿ ಒಂದಿನ ಬಿಡಿ ಸಾರ್, ನಾಳೆ ಮೀನು ಬಿಟ್ಕೊಳಿ" ಅಂದ, ನಾನೂ ನಂಬ್ಕೊಂಡು 2 ಅಡಿ ಟ್ಯಾಂಕಿಗೆ 3 ಗೋಲ್ಡ್‌ಫಿಶ್ ತಂದು ಬಿಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಮೂರೂ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ವು. ಮಗಳು ಆಗ್ಲೇ ಹೆಸರಿಟ್ಟಾಗಿತ್ತು, ವಾಪಸ್ ಕೊಡೋ ಮಾತೇ ಇಲ್ಲ. ನೀರಲ್ಲಿ ಅಮೋನಿಯ ಎಷ್ಟಿದೆ ನೋಡೋ ಎಪಿಐ ಕಿಟ್ ತರ್ಸಿ ಎರಡೂ ಬಾಟ್ಲಿಯಿಂದ 8-8 ಹನಿ ಹಾಕಿ 5 ನಿಮಿಷ ಕಾದ್ರೆ, ಹಳದಿ ಇರ್ಬೇಕಾಗಿದ್ದ ಟ್ಯೂಬು ಹಸಿರು, 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ). ಅಮೋನಿಯ ಅಂದ್ರೆ ಮೀನಿನ ಗಲೀಜಿಂದ ನೀರಿಗೆ ಸೇರೋ ವಿಷ, ಅದನ್ನ ತಿನ್ನೋ ಬ್ಯಾಕ್ಟೀರಿಯಾನ ಫಿಲ್ಟರಲ್ಲಿ ಬೆಳೆಸೋದೇ ಸೈಕ್ಲಿಂಗು.

ನಮ್ಮನೆ ಬೋರ್ ನೀರು ಪಿಎಚ್ 8. ಇದೇ ತಲೆನೋವು. ಒಟ್ಟು ಅಮೋನಿಯದಲ್ಲಿ ಮೀನಿಗೆ ವಿಷ ಆಗೋ ಪಾಲು ಪಿಎಚ್ 7ರಲ್ಲಿ ನೂರಕ್ಕೆ ಒಂದೂ ಇರಲ್ಲ, 8ಕ್ಕೆ ಬಂದ್ರೆ ಸುಮಾರು 5 ಆಗುತ್ತೆ, ನೀರು ಬಿಸಿ ಆದಂಗೆಲ್ಲ ಇನ್ನೂ ಜಾಸ್ತಿ. ದಾವಣಗೆರೆ ಏಪ್ರಿಲ್ ಬಗ್ಗೆ ನಾನೇನು ಹೇಳ್ಲಿ.

ಮೊದ್ಲು ಬಕೆಟ್ಟು. ಟ್ಯಾಂಕು ಸುಮಾರು 55 ಲೀಟರ್, 15 ಲೀಟರಿನ ಒಂದು ಬಕೆಟ್ ತೆಗೆದು ಹೊಸ ನೀರು ಹಾಕಿದ್ರೆ 2 ಇದ್ದಿದ್ದು ಒಂದೂವರೆಗೆ ಇಳಿಯುತ್ತೆ ಅಷ್ಟೇ, ಅರ್ಧಕ್ಕೆ ಇಳಿಸ್ಬೇಕಂದ್ರೆ ಅರ್ಧ ಟ್ಯಾಂಕೇ ಖಾಲಿ ಮಾಡ್ಬೇಕು. ಸೊಂಟ ಬಿದ್ದೋಯ್ತು. ಆದ್ರೆ ನೀರಿಂದ ಅಮೋನಿಯನ ನಿಜವಾಗ್ಲೂ ಹೊರಗೆ ಹಾಕೋದು ಇದು, ಇದನ್ನ ಬಿಟ್ಟು ಏನು ಮಾಡಿದ್ರೂ ನಡೆಯಲ್ಲ.

ಪ್ರೈಮ್ ಅಂತ ನೀರಿಗೆ ಹಾಕೋ ಕಂಡೀಷನರ್ ಬರುತ್ತೆ, ಅದು ಬೇರೆ ತರ. 200 ಲೀಟರಿಗೆ 5 ಎಂ.ಎಲ್. ಲೆಕ್ಕ, ನಾನು ಸಿರಿಂಜಲ್ಲಿ ಸುಮಾರು 1.4 ಹಾಕ್ತಿದ್ದೆ, ಮುಚ್ಚಳ ತೆಗೆದ್ರೆ ಕೊಳೆತ ಮೊಟ್ಟೆ ವಾಸನೆ, ಹೆಂಡ್ತಿ ಹಾಲಿಂದ ಎದ್ದೋಗ್ತಿದ್ಲು. ಇದು ಅಮೋನಿಯನ ತೆಗೆಯಲ್ಲ, 24ರಿಂದ 48 ಗಂಟೆ ಕಟ್ಟಿ ಹಾಕುತ್ತೆ ಅಂತ ಕಂಪನಿಯವ್ರು ಹೇಳ್ತಾರೆ, ಬ್ಯಾಕ್ಟೀರಿಯಾಗೆ ಅದರಿಂದ ಊಟ ಸಿಗ್ತಾನೇ ಇರುತ್ತೆ. ಕಿಟ್ಟಲ್ಲಿ ಮಾತ್ರ ಹಸಿರು ಹಂಗೇ ಬರುತ್ತೆ, ಮೊದಲ ಸಲ ನೋಡಿ ಗಾಬರಿಯಾಗಿ ಇನ್ನೊಂದು ಡೋಸ್ ಹಾಕಿದ್ದೆ. ಊರಿಗೆ ಹೋಗೋ ದಿನ, ಕರೆಂಟ್ ಇಲ್ದೆ ಬೋರ್ ಓಡದ ದಿನ ಇದೇ ಗತಿ. ನಲ್ಲಿ ನೀರು ಹಾಕೋರಿಗೆ ಕ್ಲೋರಿನ್ನೂ ಹೋಗುತ್ತೆ.

ಜಿಯೋಲೈಟ್, ಅಂದ್ರೆ ಅಮೋನಿಯನ ಹಿಡ್ಕೊಳೋ ಕಲ್ಲು, ಅದರಲ್ಲಿ ನಾನು ಎಡವಟ್ಟು ಮಾಡ್ಕೊಂಡೆ. ಬಲೆ ಚೀಲದಲ್ಲಿ ಕಟ್ಟಿ ಇಳಿಬಿಟ್ಟೆ, ಎರಡೇ ದಿನಕ್ಕೆ ಕಿಟ್ ಹಳದಿ, ಖುಷಿಯೋ ಖುಷಿ. ಆಮೇಲೆ ನೈಟ್ರೈಟ್ (ಬ್ಯಾಕ್ಟೀರಿಯಾ ಅಮೋನಿಯ ತಿಂದಾಗ ಆಗೋ ಇನ್ನೊಂದು ವಿಷ) ಕಾಣಿಸ್ತು ಅಂತ ಉಪ್ಪು ಹಾಕ್ದೆ, ಉಪ್ಪಿನ ಕ್ಲೋರೈಡ್ ಇದ್ರೆ ಕಿವಿರಿನಿಂದ ನೈಟ್ರೈಟ್ ಒಳಗೆ ಹೋಗೋದು ಕಮ್ಮಿ ಆಗುತ್ತಲ್ಲ ಅದಕ್ಕೆ. ಬೆಳಿಗ್ಗೆ ನೋಡಿದ್ರೆ ಟ್ಯೂಬು ಮತ್ತೆ ಹಸಿರು! ಉಪ್ಪು ಬಿದ್ರೆ ಜಿಯೋಲೈಟು ತಾನು ಹಿಡ್ಕೊಂಡಿದ್ದನ್ನೆಲ್ಲ ವಾಪಸ್ ಬಿಡುತ್ತೆ ಅಂತ ಆಮೇಲೆ ಓದ್ಕೊಂಡೆ. ಎರಡನ್ನೂ ಒಟ್ಟಿಗೆ ಹಾಕೋ ಹಾಗೇ ಇಲ್ಲ.

ಪುಡಿ ಬ್ಯಾಕ್ಟೀರಿಯಾನೂ ತಂದಿದ್ದೆ, 10 ದಿನ ಹಾಕ್ದೆ, ನೀರು ಬೆಳ್ಳಗಾಗಿದ್ದು ಬಿಟ್ರೆ ಏನೂ ಆಗ್ಲಿಲ್ಲ.

ಕೊನೆಗೆ ದಾರಿ ಹಿಡಿಸಿದ್ದು ನಿಟುವಳ್ಳಿ ಗೆಳೆಯನ ಹಳೇ ಸ್ಪಾಂಜ್ ಫಿಲ್ಟರ್. ಕಂದು ಬಣ್ಣ, ಜಿಗಟು ಜಿಗಟು, ನೋಡಿದ್ರೆ ಮುಟ್ಟೋಕೂ ಮನಸ್ಸಾಗಲ್ಲ, ಆದ್ರೆ ಬೇಕಾಗಿರೋ ಬ್ಯಾಕ್ಟೀರಿಯಾ ಅದರಲ್ಲೇ ಇರೋದು, ನಲ್ಲಿ ನೀರಿನ ಕ್ಲೋರಿನ್‌ಗೆ ಅದು ಸಾಯುತ್ತೆ. "ನಲ್ಲಿ ಕೆಳಗೆ ತೊಳೆದ್ರೆ ನೋಡು ಮತ್ತೆ" ಅಂತ ಬೈದೇ ಕೊಟ್ಟ, ಅವನ ಟ್ಯಾಂಕಿನ ನೀರಲ್ಲೇ ಕವರ್ ಕಟ್ಟಿ ಬೈಕಲ್ಲಿ ವಿದ್ಯಾನಗರಕ್ಕೆ ತಂದು ಹಾಕ್ದೆ. ಒಂದು ವಾರಕ್ಕೆ ಅಮೋನಿಯ ಸೊನ್ನೆ, ನೈಟ್ರೈಟ್ ಇಳಿಯೋಕೆ ಇನ್ನೂ ಸ್ವಲ್ಪ ದಿನ ಹಿಡೀತು. ಅಲ್ಲೀತನಕ ದಿನಾ ಒಂದು ಬಕೆಟ್ ಬದಲಾಯಿಸೋದು, ದಿನ ಬಿಟ್ಟು ದಿನ ಊಟ, ಅದೂ ಚಿಟಿಕೆ. ಕೊಡೋರ ಟ್ಯಾಂಕಲ್ಲಿ ರೋಗ ಇದ್ರೆ ಅದೂ ಜೊತೇಲೇ ಬರುತ್ತೆ, ಮೀನು ಚೆನ್ನಾಗಿವೆಯಾ ನೋಡ್ಕೊಂಡೇ ಇಸ್ಕೊಳಿ.

ಮೂರೂ ಮೀನು ಈಗ ಆರಾಮಾಗಿವೆ. ಉಳಿದ ಜಿಯೋಲೈಟ್ ಮನಿ ಪ್ಲಾಂಟ್ ಕುಂಡಕ್ಕೆ ಸುರಿದೆ.