ಬಲಗಾಲು ಒತ್ತುತ್ತಿದ್ದ ಬ್ರೇಕು: ಮಾನಸಿಕ ಆಘಾತಕ್ಕೆ ದೇಹಕೇಂದ್ರಿತ ಚಿಕಿತ್ಸೆಯ ಹನ್ನೆರಡು ಸೆಷನ್‌ಗಳು

ಕಾರಿನ ಅಪಘಾತವಾಗಿ ಎರಡು ವರ್ಷ ಕಳೆದಿದ್ದರೂ ಬ್ರೇಕಿನ ಕೀರಲು ಶಬ್ದ ಕಿವಿಗೆ ಬಿದ್ದರೆ ಸಾಕು, ಎದೆ ಬಿಗಿದು ಅಂಗೈ ಬೆವರುತ್ತಿತ್ತು. ಮೊದಲು ಪಡೆದ ಆಪ್ತಸಮಾಲೋಚನೆಯಲ್ಲಿ ಆ ದಿನದ ಕಥೆಯನ್ನು ಎಷ್ಟು ಸಲ ಹೇಳಿದೆನೆಂದರೆ, ಅದು ಬಾಯಿಪಾಠವಾಯಿತೇ ಹೊರತು ಬಿಗಿತ ಸಡಿಲವಾಗಲಿಲ್ಲ. ಆಮೇಲೆ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಎಂಬ ದೇಹಕೇಂದ್ರಿತ ಪದ್ಧತಿಯಲ್ಲಿ ತರಬೇತಿ ಪಡೆದ ಚಿಕಿತ್ಸಕಿಯೊಬ್ಬರ ಬಳಿ ಹೋದೆ. ಈ ವಿಮರ್ಶೆ ಅವರೊಂದಿಗಿನ ಹನ್ನೆರಡು ಸೆಷನ್‌ಗಳದ್ದು.

ಅಮೆರಿಕದ ಪೀಟರ್ ಲೆವೀನ್ 1970ರ ದಶಕದಿಂದ ರೂಪಿಸುತ್ತ ಬಂದ ಈ ಪದ್ಧತಿಯಲ್ಲಿ ನಡೆದದ್ದನ್ನೆಲ್ಲ ಹೇಳಲೇಬೇಕೆಂಬ ಒತ್ತಾಯವಿಲ್ಲ. ಕಷ್ಟದ ನೆನಪನ್ನು ಚಿಟಿಕೆಯಷ್ಟು ಮುಟ್ಟಿ, ಆಗ ಮೈಯಲ್ಲಿ ಏನಾಗುತ್ತಿದೆಯೆಂದು ಗಮನಿಸಿ, ನಿರಾಳವೆನಿಸುವ ಭಾಗಕ್ಕೆ ಗಮನವನ್ನು ಮರಳಿ ತರಬೇಕು. ನಾಲ್ಕನೆಯ ಸೆಷನ್ನಿನಲ್ಲಿ ನಾನು ಮಾತಾಡುತ್ತಿದ್ದಾಗ ನನ್ನ ಬಲಪಾದ ನೆಲವನ್ನು ಒತ್ತುತ್ತಿರುವುದನ್ನು ಅವರು ಗುರುತಿಸಿದರು. “ತಡೆಯಬೇಡಿ, ಬಹಳ ನಿಧಾನವಾಗಿ ಒತ್ತಿ ನೋಡಿ” ಎಂದರು. ಅಪಘಾತದ ದಿನ ನಾನು ಚಾಲಕನ ಪಕ್ಕದ ಸೀಟಿನಲ್ಲಿದ್ದೆ. ಅಲ್ಲಿ ಇಲ್ಲದ ಬ್ರೇಕನ್ನು ಕಾಲು ಈಗಲೂ ಒತ್ತುತ್ತಿದೆಯೆಂದು ಹೊಳೆದದ್ದು ಆಗಲೇ. ಮೊಣಕಾಲು ಸಣ್ಣಗೆ ನಡುಗಿತು, ಬಳಿಕ ತಾನಾಗಿಯೇ ದೀರ್ಘವಾದ ಉಸಿರೊಂದು ಹೊರಬಂತು. ಅರ್ಧ ಗಂಟೆ ಹಿಡಿದ ಆ ಒಂದೇ ಚಲನೆಗಾಗಿ ಕೊಟ್ಟ ಹಣ ಸಾರ್ಥಕವೆಂದುಕೊಂಡೆ.

ಎರಡನೆಯ ಸೆಷನ್ನು ಹಾಗಿರಲಿಲ್ಲ. ಕಣ್ಣು ಮುಚ್ಚಿ ಉಸಿರನ್ನು ಗಮನಿಸಲು ಹೇಳಿದಾಗ ಉಸಿರುಗಟ್ಟಿದಂತಾಗಿ ಗಾಬರಿ ಏರಿತು. ತಕ್ಷಣ ಕಣ್ಣು ತೆರೆಸಿ, ಕೋಣೆಯಲ್ಲಿರುವ ನೀಲಿ ವಸ್ತುಗಳನ್ನು ಎಣಿಸಲು ಹೇಳಿ ಅವರು ನನ್ನನ್ನು ಸಂಭಾಳಿಸಿದರು, ನಿಜ. ಆದರೆ ಆಘಾತಕ್ಕೊಳಗಾದ ಕೆಲವರಲ್ಲಿ ಮೈಯೊಳಗೆ ಗಮನ ಹರಿಸುವುದೇ ಭಯ ಕೆರಳಿಸಬಹುದೆಂಬ ಎಚ್ಚರಿಕೆಯನ್ನು ಮೊದಲೇ ಕೊಡಬೇಕಿತ್ತು. ಭುಜ ಮುಟ್ಟುವ ಮುನ್ನ ಪ್ರತಿ ಸಲವೂ ಅನುಮತಿ ಕೇಳುತ್ತಿದ್ದರು. ಒಮ್ಮೆ ಬೇಡವೆಂದಾಗ ಕಾರಣ ಕೆದಕಲಿಲ್ಲ.

ಆಘಾತವು ಸ್ನಾಯುಗಳಲ್ಲೇ ಶೇಖರವಾಗಿರುತ್ತದೆಂದು ಅವರು ಸಿದ್ಧಸತ್ಯದಂತೆ ಹೇಳುವುದನ್ನು ಮಾತ್ರ ನಾನು ಒಪ್ಪಲಾರೆ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದ್ದು ಯೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳಲು ನೆರವಾಗುವ ಆಘಾತಕೇಂದ್ರಿತ ಅರಿವು-ವರ್ತನಾ ಚಿಕಿತ್ಸೆಯನ್ನೂ (ಸಿಬಿಟಿ) ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ಚಿಕಿತ್ಸೆಯನ್ನೂ. ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಕುರಿತು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರ ಫಲಿತಾಂಶ ಆಶಾದಾಯಕವಾಗಿದ್ದರೂ ಅದರಲ್ಲಿ ಭಾಗವಹಿಸಿದವರು 63 ಮಂದಿ ಮಾತ್ರ. ಆದ್ದರಿಂದ ಇದನ್ನೇ ಮೊದಲು ಪ್ರಯತ್ನಿಸಿ ಎಂದು ಯಾರಿಗೂ ಹೇಳಲಾರೆ. ಮಾತಾಡಿ ಮಾತಾಡಿ ದಣಿದವರಿಗೆ ಖಂಡಿತ ಹೇಳುತ್ತೇನೆ.

ಬ್ರೇಕಿನ ಸದ್ದಿಗೆ ಈಗಲೂ ಬೆಚ್ಚುತ್ತೇನೆ. ಅರ್ಧ ದಿನ ಉಳಿಯುತ್ತಿದ್ದ ಬಿಗಿತ ಕೆಲವು ನಿಮಿಷಗಳಿಗೆ ಇಳಿದಿದೆ. ಇನ್ನೂ ಆರು ಸೆಷನ್‌ಗಳಿಗೆ ಸಮಯ ಗೊತ್ತುಮಾಡಿಕೊಂಡಿದ್ದೇನೆ, ಕಣ್ಣು ತೆರೆದೇ ಇರುತ್ತೇನೆಂಬ ಷರತ್ತಿನ ಮೇಲೆ.