ಲೈ ಬೇಕೋ, ಲೇ ಬೇಕೋ?

ಇಂಗ್ಲಿಷಿನಲ್ಲಿ ಮಲಗುವುದಕ್ಕೆ ಲೈ (lie), ಏನನ್ನಾದರೂ ಇಡುವುದಕ್ಕೆ ಲೇ (lay). ಇಷ್ಟೇ ಆಗಿದ್ದರೆ ಯಾರೂ ಎಡವುತ್ತಿರಲಿಲ್ಲ. ತೊಡಕಿರುವುದು ಭೂತಕಾಲದಲ್ಲಿ. ಮೊದಲನೆಯದು ಲೈ, ಲೇ, ಲೇನ್ ಎಂದು ನಡೆಯುತ್ತದೆ; ಎರಡನೆಯದು ಲೇ, ಲೇಯ್ಡ್, ಲೇಯ್ಡ್. ಒಂದರ ಭೂತಕಾಲವೇ ಇನ್ನೊಂದರ ವರ್ತಮಾನ!

‘ಏನನ್ನು?’ ಎಂದು ಕೇಳಿ ನೋಡಿ. ಉತ್ತರ ಸಿಕ್ಕರೆ ಎರಡನೆಯದು: ‘ಶಿ ಲೇಯ್ಡ್ ದ ಬುಕ್ ಆನ್ ದ ಟೇಬಲ್’. ಸಿಗದಿದ್ದರೆ ಮೊದಲನೆಯದು: ‘ಹಿ ಲೇ ಡೌನ್ ಅಟ್ ಟೆನ್’. ಇಲ್ಲಿ ‘ಲೇಯ್ಡ್ ಡೌನ್’ ಎಂದು ಬರೆಯುವುದೇ ಸಾಮಾನ್ಯ ತಪ್ಪು. ಇಂಗ್ಲಿಷ್ ಮನೆಮಾತಿನವರೂ ಆಡುಮಾತಿನಲ್ಲಿ ಹಾಗನ್ನುವುದುಂಟು, ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ. ಹಿಂದೆ ಹ್ಯಾಸ್ ಅಥವಾ ಹ್ಯಾಡ್ ಇದ್ದರೆ, ಮಲಗಿದ್ದಕ್ಕೆ ಲೇನ್, ಇಟ್ಟಿದ್ದಕ್ಕೆ ಲೇಯ್ಡ್. ಸುಳ್ಳು ಹೇಳುವ ಲೈ ಬೇರೆಯೇ: ಲೈ, ಲೈಡ್, ಲೈಡ್.